ಮಹಾವ್ಯಾಧನ ಕತ್ತಿಯಲ್ಲಿ ಹೊಳೆಯುವ ಮೋಡ

ಸಂಕ್ರಾಂತಿಯ ಆಸುಪಾಸಿನ ದಿನಗಳಲ್ಲಿ ರಾತ್ರಿ ಒಂಬತ್ತು-ಹತ್ತು ಗಂಟೆಯ ಹೊತ್ತಿಗೆ ಮನೆಯ ತಾರಸಿಯ ಮೇಲೆ ನಿಂತು, ದಕ್ಷಿಣಕ್ಕೆ ಮುಖಮಾಡಿ ತಲೆಯೆತ್ತಿ ನೋಡಿ. ನಡುನೆತ್ತಿಗಿಂತ ತುಸು ಕೆಳಗೆ ಒಂದೇ ಸಾಲಿನಲ್ಲಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ನಗರದ ದೀಪಗಳ ಝಗಝಗದ ನಡುವೆಯೂ ಅಳಿಯದೆ ಉಳಿದಿರುವ ಈ ಮೂರು ನಕ್ಷತ್ರಗಳು ಮಹಾವ್ಯಾಧನ ನಡುಪಟ್ಟಿ. ಅದರ ಕೆಳಗೆ ಇನ್ನೂ ಮಸುಕಾದ ಮೂರು ಚುಕ್ಕೆಗಳ ಸಾಲೊಂದು ತೂಗಾಡುತ್ತಿರುತ್ತದೆ. ಅದು ಆ ಬೇಟೆಗಾರನ ಕತ್ತಿ. ಕತ್ತಿಯ ನಡುವಿನ ಚುಕ್ಕೆಯನ್ನು ದಿಟ್ಟಿಸಿ ನೋಡಿದರೆ ಅದರ ಅಂಚು ಉಳಿದವುಗಳಷ್ಟು ಸ್ಪಷ್ಟವಾಗಿಲ್ಲ ಎಂಬುದು ಅರಿವಿಗೆ ಬರುತ್ತದೆ. ಸಾಮಾನ್ಯ ಬೈನಾಕ್ಯುಲರ್ ಹಿಡಿದರೆ ಸಾಕು, ಅದು ಒಂದು ನಕ್ಷತ್ರವಲ್ಲ, ಮಂಜಿನಂತೆ ಹರಡಿದ ಬೆಳಕು ಎಂಬುದು ಖಚಿತವಾಗುತ್ತದೆ.

ಇದೇ ಮಹಾವ್ಯಾಧ ನೀಹಾರಿಕೆ. ಭೂಮಿಯಿಂದ ಸುಮಾರು 1,300 ಜ್ಯೋತಿರ್ವರ್ಷಗಳಿಗೂ ತುಸು ಹೆಚ್ಚು ದೂರದಲ್ಲಿದೆ. ಇಂದು ನಮ್ಮ ಕಣ್ಣನ್ನು ತಲುಪುವ ಅದರ ಬೆಳಕು ಹೊರಟದ್ದು ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 24 ಜ್ಯೋತಿರ್ವರ್ಷ ಅಗಲವಿರುವ ಈ ಮೋಡ ತಾನಾಗಿಯೇ ಬೆಳಗುವುದಿಲ್ಲ. ಅದರ ಒಡಲಲ್ಲಿರುವ ಬೆರಳೆಣಿಕೆಯ ನಕ್ಷತ್ರಗಳು, ಅವುಗಳಲ್ಲೂ ಮುಖ್ಯವಾಗಿ ಒಂದೇ ಒಂದು ನಕ್ಷತ್ರ, ಇಡೀ ಮೋಡವನ್ನು ಬೆಳಗಿಸುತ್ತಿದೆ. ಅದೇ ನಕ್ಷತ್ರ ತನ್ನ ನೆರೆಹೊರೆಯಲ್ಲಿ ಈಗಷ್ಟೇ ರೂಪುಗೊಳ್ಳುತ್ತಿರುವ ಗ್ರಹಗಳ ಹಣೆಬರಹವನ್ನೂ ಬರೆಯುತ್ತಿದೆ.

ನಕ್ಷತ್ರಗಳ ಗುಂಪೋ, ಮೋಡವೋ?

ದೂರದರ್ಶಕ ಬಳಕೆಗೆ ಬಂದ ಹೊಸತರಲ್ಲೇ, 1610ರಲ್ಲಿ, ಫ್ರಾನ್ಸಿನ ಪೀರೆಸ್ಕ್ ಎಂಬ ವಿದ್ವಾಂಸ ಈ ಮಸುಕು ಬೆಳಕನ್ನು ಗುರುತಿಸಿದ. 1656ರಲ್ಲಿ ಹಾಲೆಂಡಿನ ಕ್ರಿಸ್ತಿಯಾನ್ ಹೈಗೆನ್ಸ್ ಅದನ್ನು ಕೂಲಂಕಷವಾಗಿ ನೋಡಿದ. ಆತ ಬರೆದ ಚಿತ್ರ ಮೂರು ವರ್ಷಗಳ ಬಳಿಕ ಅಚ್ಚಾಯಿತು. ಫ್ರಾನ್ಸಿನ ಶಾರ್ಲ್ ಮೆಸ್ಸಿಯೆ 1769ರಲ್ಲಿ ಅದನ್ನು ತನ್ನ ಪಟ್ಟಿಯ 42ನೆಯ ವಸ್ತುವಾಗಿ ಸೇರಿಸಿದ. ಅದರಿಂದಾಗಿಯೇ ಖಗೋಳಾಸಕ್ತರು ಇಂದಿಗೂ ಅದನ್ನು ಎಂ-42 ಎಂದು ಕರೆಯುತ್ತಾರೆ. ವಿಲಿಯಂ ಹರ್ಷೆಲ್ 1774ರಲ್ಲಿ ತಾನೇ ನಿರ್ಮಿಸಿದ ದೂರದರ್ಶಕವನ್ನು ಮೊದಲು ತಿರುಗಿಸಿದ ನೋಟಗಳಲ್ಲಿಯೂ ಇದೇ ನೀಹಾರಿಕೆ ಇತ್ತು.

ಆದರೆ ಅದು ಏನು? ಈ ಪ್ರಶ್ನೆ ಎರಡು ಶತಮಾನಗಳ ಕಾಲ ಕಾಡಿತು. ಆಕಾಶಗಂಗೆಯ ಹಾಲಿನಂಥ ಪಟ್ಟೆಯನ್ನು ದೂರದರ್ಶಕ ಅಸಂಖ್ಯ ನಕ್ಷತ್ರಗಳಾಗಿ ಬಿಡಿಸಿ ತೋರಿಸಿದ್ದರಿಂದ, ಎಲ್ಲ ನೀಹಾರಿಕೆಗಳೂ ದೂರದ ನಕ್ಷತ್ರಗಳ ಗುಂಪುಗಳೇ ಇರಬೇಕು, ನಮ್ಮ ಉಪಕರಣಗಳ ಶಕ್ತಿ ಸಾಲದೆ ಅವು ಮಂಜಿನಂತೆ ಕಾಣುತ್ತಿರಬೇಕು ಎಂದು ಅನೇಕರು ನಂಬಿದ್ದರು. 1840ರ ದಶಕದಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಆರಡಿ ವ್ಯಾಸದ ಕನ್ನಡಿಯುಳ್ಳ ಬೃಹತ್ ದೂರದರ್ಶಕವನ್ನು ಕಟ್ಟಿದಾಗ, ಮಹಾವ್ಯಾಧ ನೀಹಾರಿಕೆಯೂ ನಕ್ಷತ್ರಗಳಾಗಿ ಬಿಡಿಬಿಡಿಯಾಗಿ ಕಂಡಿತೆಂದು ವರದಿಯಾಯಿತು. ಚರ್ಚೆ ಅಲ್ಲಿಗೇ ಮುಗಿಯಿತೆಂದು ಹಲವರು ಭಾವಿಸಿದರು.

ಅದು ಮುಗಿದಿರಲಿಲ್ಲ. ಇನ್ನೂ ದೊಡ್ಡ ದೂರದರ್ಶಕ ತೀರ್ಮಾನಿಸಲಾಗದ ವ್ಯಾಜ್ಯವನ್ನು ಒಂದು ಪುಟ್ಟ ಗಾಜಿನ ಪಟ್ಟಕ ತೀರ್ಮಾನಿಸಿತು.

ರೋಹಿತ ನುಡಿದ ಸಾಕ್ಷ್ಯ

ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳು ಒಂದರ ಪಕ್ಕ ಒಂದು ಹರಡಿಕೊಳ್ಳುತ್ತವೆ. ಇದೇ ರೋಹಿತ. ಸಾಂದ್ರವಾದ ಬಿಸಿ ವಸ್ತುವಿನ ಬೆಳಕು ಎಡೆಬಿಡದ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ವಿರಳವಾದ ಅನಿಲ ಹೊಳೆದರೆ ಮಾತ್ರ ಕೆಲವೇ ಬಣ್ಣಗಳ ಬಿಡಿ ಗೆರೆಗಳು ಮೂಡುತ್ತವೆ. ನಕ್ಷತ್ರಗಳ ಗುಂಪು ಪಟ್ಟಿಯನ್ನು ತೋರಬೇಕು, ಅನಿಲ ಗೆರೆಗಳನ್ನು ತೋರಬೇಕು.

ಲಂಡನ್ನಿನ ಹೊರವಲಯದ ತನ್ನ ಖಾಸಗಿ ವೀಕ್ಷಣಾಲಯದಲ್ಲಿ ವಿಲಿಯಂ ಹಗಿನ್ಸ್ 1864ರ ಆಗಸ್ಟ್ 29ರ ರಾತ್ರಿ ಡ್ರೇಕೋ ಪುಂಜದ ಒಂದು ಪುಟ್ಟ ನೀಹಾರಿಕೆಯ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದ. ಬಣ್ಣದ ಪಟ್ಟಿ ಇರಲಿಲ್ಲ, ಬಿಡಿ ಗೆರೆಗಳಿದ್ದವು. ಅನಂತರ ಮಹಾವ್ಯಾಧ ನೀಹಾರಿಕೆಯನ್ನು ನೋಡಿದಾಗಲೂ ಅದೇ ಬಗೆಯ ಗೆರೆಗಳೇ ಕಂಡವು. ಅದು ಹೊಳೆಯುವ ಅನಿಲ. ಲಾರ್ಡ್ ರಾಸ್‌ನ ದೂರದರ್ಶಕದಲ್ಲಿ ಕಂಡ ನಕ್ಷತ್ರಗಳು ಸುಳ್ಳಲ್ಲ. ಅವು ಮೋಡದೊಳಗೆ ಹುದುಗಿದ್ದ ನಕ್ಷತ್ರಗಳು. ಮೋಡವೇ ಅವುಗಳಿಂದ ಆಗಿತ್ತೆಂದು ತಿಳಿದದ್ದು ಮಾತ್ರ ತಪ್ಪು.

ಹೀಗೆ ತನ್ನದೇ ಗೆರೆಗಳನ್ನು ಸೂಸುವ ಮೋಡಗಳಿಗೆ ಉತ್ಸರ್ಜನ ನೀಹಾರಿಕೆಗಳೆಂದು ಹೆಸರು. ಸಮೀಪದ ನಕ್ಷತ್ರದ ಬೆಳಕನ್ನು ಧೂಳಿನ ಕಣಗಳಿಂದ ಚದುರಿಸಿ ಮಾತ್ರ ಕಾಣಿಸಿಕೊಳ್ಳುವ ಮೋಡಗಳೂ ಇವೆ. ಅವು ಪ್ರತಿಫಲನ ನೀಹಾರಿಕೆಗಳು. ಕೃತ್ತಿಕಾ ಗುಂಪಿನ ಸುತ್ತ ಛಾಯಾಚಿತ್ರಗಳಲ್ಲಿ ಕಾಣುವ ನೀಲಿ ಮುಸುಕು ಈ ಎರಡನೆಯ ಬಗೆಯದು. ಎರಡರ ನಡುವಿನ ವ್ಯತ್ಯಾಸವನ್ನು ನಿರ್ಧರಿಸುವುದು ಮೋಡವಲ್ಲ, ನಕ್ಷತ್ರದ ಕಾವು.

ಬೆಳಕು ಹುಟ್ಟುವ ಬಗೆ

ನೀಹಾರಿಕೆಯ ಬಹುಪಾಲು ಜಲಜನಕ. ಜಲಜನಕದ ಪರಮಾಣುವಿನಲ್ಲಿ ಒಂದು ಪ್ರೋಟಾನ್ ಮತ್ತು ಅದಕ್ಕೆ ಕಟ್ಟುಬಿದ್ದ ಒಂದು ಎಲೆಕ್ಟ್ರಾನ್ ಇರುತ್ತವೆ. ಈ ಕಟ್ಟನ್ನು ಹರಿಯಲು ಒಂದು ನಿಗದಿತ ಶಕ್ತಿ ಬೇಕು: 13.6 ಎಲೆಕ್ಟ್ರಾನ್ ವೋಲ್ಟ್. 91.2 ನ್ಯಾನೊಮೀಟರಿಗಿಂತ ಕಿರಿದಾದ ಅಲೆಯುದ್ದದ ಅತಿನೇರಳೆ ಬೆಳಕಿನ ಕಣಕ್ಕೆ, ಅಂದರೆ ಫೋಟಾನಿಗೆ, ಮಾತ್ರ ಅಷ್ಟು ಶಕ್ತಿ ಇರುತ್ತದೆ. ಅದಕ್ಕಿಂತ ದುರ್ಬಲವಾದ ಫೋಟಾನುಗಳು ಕೋಟಿಗಟ್ಟಲೆ ಬಂದರೂ ಪ್ರಯೋಜನವಿಲ್ಲ. ಹತ್ತು ರೂಪಾಯಿಯ ಟಿಕೆಟ್ಟಿಗೆ ಎಷ್ಟು ಮಂದಿ ಒಂಬತ್ತು ರೂಪಾಯಿ ಹಿಡಿದು ನಿಂತರೂ ಒಬ್ಬರಿಗೂ ಪ್ರವೇಶ ಸಿಗದು ಎಂಬಂತೆ.

ನಮ್ಮ ಸೂರ್ಯನ ಮೇಲ್ಮೈ ತಾಪ ಸುಮಾರು 5,800 ಕೆಲ್ವಿನ್. ಅದು ಸೂಸುವ ಬೆಳಕಿನಲ್ಲಿ ಇಂಥ ಪ್ರಬಲ ಫೋಟಾನುಗಳು ನಗಣ್ಯ. ಸೂರ್ಯನನ್ನು ಒಯ್ದು ಜಲಜನಕದ ಮೋಡದ ನಡುವೆ ಇಟ್ಟರೆ ಮೋಡ ಹೀಗೆ ಹೊಳೆಯುವುದಿಲ್ಲ. ಕೃತ್ತಿಕೆಯ ನಕ್ಷತ್ರಗಳು ಸೂರ್ಯನಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿಯಾಗಿದ್ದರೂ ಈ ಕೆಲಸಕ್ಕೆ ಸಾಲವು.

ಮಹಾವ್ಯಾಧ ನೀಹಾರಿಕೆಯ ನಡುವೆ ಒತ್ತೊತ್ತಾಗಿರುವ ನಾಲ್ಕು ಉಜ್ವಲ ನಕ್ಷತ್ರಗಳ ಗುಂಪಿಗೆ ಟ್ರಪೀಜಿಯಂ ಎಂದು ಹೆಸರು. ಅವುಗಳಲ್ಲಿ ಅತಿ ಪ್ರಬಲವಾದುದು ಥೀಟಾ-1 ಒರಾಯನಿಸ್ ಸಿ. ಅದರ ರಾಶಿ ಸೂರ್ಯನ ಮೂವತ್ತು ಪಟ್ಟಿಗೂ ಹೆಚ್ಚು, ಮೇಲ್ಮೈ ತಾಪ ಸುಮಾರು 39,000 ಕೆಲ್ವಿನ್, ಒಟ್ಟು ಪ್ರಭೆ ಸೂರ್ಯನ ಸುಮಾರು ಎರಡು ಲಕ್ಷ ಪಟ್ಟು. ಇಷ್ಟು ಬಿಸಿಯಾದ ನಕ್ಷತ್ರದ ಬೆಳಕಿನ ತೀವ್ರತೆ ಶಿಖರಕ್ಕೇರುವುದೇ ನಮ್ಮ ಕಣ್ಣಿಗೆ ಕಾಣದ ಅತಿನೇರಳೆಯಲ್ಲಿ. ಒಂದರ ಮುಂದೆ 49 ಸೊನ್ನೆ ಬರೆದರೆ ಎಷ್ಟಾಗುವುದೋ ಸರಿಸುಮಾರು ಅಷ್ಟು ಅಯಾನೀಕರಿಸುವ ಫೋಟಾನುಗಳು ಅಲ್ಲಿಂದ ಪ್ರತಿ ಸೆಕೆಂಡಿಗೂ ಹೊಮ್ಮುತ್ತವೆ.

ಇಂಥ ಫೋಟಾನು ಬಡಿದಾಗ ಜಲಜನಕದ ಎಲೆಕ್ಟ್ರಾನ್ ಪ್ರೋಟಾನಿನಿಂದ ಬೇರ್ಪಟ್ಟು ದೂರ ಸಿಡಿಯುತ್ತದೆ. ಇದೇ ಅಯಾನೀಕರಣ. ಬಿಡುಗಡೆಗೊಂಡ ಎಲೆಕ್ಟ್ರಾನ್ ಅಲೆದಾಡಿ, ಎಂದೋ ಒಂದು ದಿನ ಮತ್ತೊಂದು ಪ್ರೋಟಾನಿನ ಸೆಳೆತಕ್ಕೆ ಸಿಕ್ಕು ಮತ್ತೆ ಪರಮಾಣುವಾಗುತ್ತದೆ. ಆಗ ಅದು ಒಮ್ಮೆಗೇ ತಳಕ್ಕೆ ಇಳಿಯುವುದು ವಿರಳ. ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತ, ಪ್ರತಿ ಇಳಿತದಲ್ಲೂ ಒಂದೊಂದು ಫೋಟಾನನ್ನು ಹೊರಹಾಕುತ್ತದೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿದಾಗ ಹೊರಬೀಳುವುದು 656.3 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು. ಸರಾಸರಿ ಎರಡು ಮರುಸಂಯೋಗಗಳಿಗೆ ಸುಮಾರು ಒಂದರಂತೆ ಈ ಕೆಂಪು ಫೋಟಾನು ದೊರೆಯುತ್ತದೆ. ಛಾಯಾಚಿತ್ರಗಳಲ್ಲಿ ಇಂಥ ನೀಹಾರಿಕೆಗಳು ಗುಲಾಬಿ-ಕೆಂಪಾಗಿ ಕಾಣುವುದಕ್ಕೆ ಇದೇ ಕಾರಣ. ಕಣ್ಣಿಗೆ ಕಾಣದ ಅತಿನೇರಳೆಯನ್ನು ಮೋಡ ಕಾಣುವ ಬೆಳಕಾಗಿ ಮಾರ್ಪಡಿಸುತ್ತಿದೆ ಎನ್ನಬಹುದು.

ಬಿಸಿ ಅನಿಲವು ಎಷ್ಟರಮಟ್ಟಿಗೆ ಅಯಾನೀಕರಣಗೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕುವ ಸಮೀಕರಣವನ್ನು 1920ರಲ್ಲಿ ಪ್ರಕಟಿಸಿದವರು ಭಾರತದ ಮೇಘನಾದ ಸಾಹಾ. ನಕ್ಷತ್ರಗಳ ರೋಹಿತವನ್ನು ಓದಿ ಅವುಗಳ ತಾಪವನ್ನು ಹೇಳುವುದು ಸಾಧ್ಯವಾದದ್ದು ಆ ಸಮೀಕರಣದಿಂದ. ಅದನ್ನು ಆಧರಿಸಿಯೇ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಜಲಜನಕವೇ ಎಲ್ಲಕ್ಕಿಂತ ಹೆಚ್ಚು ಎಂಬ ಫಲಿತಾಂಶಕ್ಕೆ ಬಂದರು.

ಹಸಿರು ಗೆರೆಯ ಒಗಟು

ಹಗಿನ್ಸ್ ಕಂಡ ಗೆರೆಗಳಲ್ಲಿ ಒಂದು ಜಲಜನಕದ್ದು. ಉಳಿದ ಎರಡು ಹಸಿರು ಗೆರೆಗಳು ಭೂಮಿಯ ಯಾವ ಪ್ರಯೋಗಾಲಯದ ಯಾವ ಧಾತುವಿಗೂ ಹೊಂದುತ್ತಿರಲಿಲ್ಲ. 1868ರ ಗ್ರಹಣದ ವರ್ಷದಲ್ಲಿ ಸೂರ್ಯನ ರೋಹಿತದಲ್ಲಿ ಕಂಡ ಅಪರಿಚಿತ ಹಳದಿ ಗೆರೆ ಮುಂದೆ ಹೀಲಿಯಂ ಎಂಬ ಹೊಸ ಧಾತುವಿನದೆಂದು ತಿಳಿದಿತ್ತಲ್ಲ, ಇದೂ ಹಾಗೆಯೇ ಹೊಸ ಧಾತುವಿನ ಕುರುಹಿರಬೇಕೆಂದು ಭಾವಿಸಿ ಅದಕ್ಕೆ ನೆಬ್ಯುಲಿಯಂ ಎಂದು ಹೆಸರನ್ನೂ ಇಟ್ಟರು. ಆದರೆ ಧಾತುಗಳ ಆವರ್ತ ಕೋಷ್ಟಕ ತುಂಬುತ್ತ ಹೋದಂತೆ ನೆಬ್ಯುಲಿಯಂಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ಒಗಟನ್ನು ಬಿಡಿಸಿದವರು ಅಮೆರಿಕದ ಐರಾ ಬೋವೆನ್, 1927ರಲ್ಲಿ. ಅದು ಯಾವ ಹೊಸ ಧಾತುವೂ ಅಲ್ಲ, ನಾವು ಉಸಿರಾಡುವ ಆಮ್ಲಜನಕವೇ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕ. ಇಂಥ ಅಯಾನು ಒಂದು ವಿಶೇಷ ಉದ್ರಿಕ್ತ ಸ್ಥಿತಿಗೆ ಏರಿದರೆ ಅಲ್ಲಿಂದ ಬೆಳಕು ಸೂಸಿ ಇಳಿಯಲು ಸರಾಸರಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಸಾಮಾನ್ಯ ಪರಮಾಣುಗಳಲ್ಲಿ ಈ ಕೆಲಸ ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಭೂಮಿಯ ಪ್ರಯೋಗಾಲಯದ ಅನಿಲದಲ್ಲಿ ಅರ್ಧ ನಿಮಿಷದೊಳಗೆ ಬೇರೆ ಕಣಗಳು ಅಸಂಖ್ಯ ಬಾರಿ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಂಡುಬಿಡುತ್ತವೆ. ನೀಹಾರಿಕೆಯಲ್ಲಿ ಹಾಗಾಗದು. ಅದರ ಅತಿ ಸಾಂದ್ರ ಭಾಗದಲ್ಲೂ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರದಷ್ಟು ಕಣಗಳು ಮಾತ್ರ. ನಮ್ಮ ಸುತ್ತಲಿನ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿಯಷ್ಟು ಅಣುಗಳಿರುತ್ತವೆ. ಹೀಗೆ ಅಡ್ಡಿ ಮಾಡುವವರಿಲ್ಲದ ಏಕಾಂತದಲ್ಲಿ ಆಮ್ಲಜನಕ ನಿಧಾನವಾಗಿ ತನ್ನ ಹಸಿರು ಬೆಳಕನ್ನು ಬೀರುತ್ತದೆ.

ಈ ಹಸಿರು ಬೆಳಕು ನೀಹಾರಿಕೆಯನ್ನು ತಣಿಸುವ ಕೆಲಸವನ್ನೂ ಮಾಡುತ್ತದೆ. ಅದು ಹೊತ್ತೊಯ್ಯುವ ಶಕ್ತಿಯ ಕಾರಣದಿಂದಲೇ ಅನಿಲದ ತಾಪ ಸುಮಾರು 10,000 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲುತ್ತದೆ.

ನಗರವಾಸಿ ವೀಕ್ಷಕರು ಒಂದು ಮಾತನ್ನು ನೆನಪಿಡಬೇಕು. ದೂರದರ್ಶಕದಲ್ಲಿ ಕಣ್ಣಿಟ್ಟಾಗ ಛಾಯಾಚಿತ್ರದ ಕೆಂಪು ಕಾಣಲಿಲ್ಲವೆಂದು ನಿರಾಶರಾಗಬೇಕಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಆ ಕೆಂಪಿಗೆ ಬಹುಮಟ್ಟಿಗೆ ಕುರುಡು. ಅದರ ಸಂವೇದನೆ ಹೆಚ್ಚಿರುವುದು 500 ನ್ಯಾನೊಮೀಟರಿನ ಸುತ್ತ. ಆಮ್ಲಜನಕದ ಪ್ರಬಲ ಗೆರೆ ಇರುವುದು 500.7ರಲ್ಲಿ. ಆದ್ದರಿಂದ ಕಣ್ಣಿಗೆ ಕಾಣುವುದು ಹಸಿರು ಛಾಯೆಯ ಬೂದು ಬೆಳಕು. ಕ್ಯಾಮೆರಾ ಜಲಜನಕವನ್ನು ನೋಡುತ್ತದೆ, ಕಣ್ಣು ಆಮ್ಲಜನಕವನ್ನು ನೋಡುತ್ತದೆ.

ಮೋಡದ ಎಲ್ಲೆ ಯಾವುದು?

ಒಂದು ನಕ್ಷತ್ರ ಎಷ್ಟು ದೂರದವರೆಗಿನ ಅನಿಲವನ್ನು ಬೆಳಗಿಸಬಲ್ಲದು? ಬಿಸಿಲಿನ ಹೊಲದ ನಡುವೆ ಒಂದು ಕೊಳವೆಯಿಂದ ಸದಾ ಒಂದೇ ಪ್ರಮಾಣದಲ್ಲಿ ನೀರು ಹರಿಯುತ್ತಿದೆ ಎಂದುಕೊಳ್ಳಿ. ತೇವ ಹರಡುತ್ತ ಹೋಗಿ ಒಂದೆಡೆ ನಿಲ್ಲುತ್ತದೆ. ಬಿಸಿಲಿಗೆ ಆರುವ ನೀರು ಹರಿದು ಬರುವ ನೀರಿಗೆ ಸಮನಾದ ಕಡೆ ಅದರ ಎಲ್ಲೆ. ನೀಹಾರಿಕೆಯ ಲೆಕ್ಕವೂ ಇದೇ. ನಕ್ಷತ್ರ ಪ್ರತಿ ಸೆಕೆಂಡಿಗೆ ಒಡೆಯುವ ಪರಮಾಣುಗಳೂ ಪ್ರತಿ ಸೆಕೆಂಡಿಗೆ ಮತ್ತೆ ಕೂಡಿಕೊಳ್ಳುವ ಪರಮಾಣುಗಳೂ ಸಮನಾದ ಕಡೆ ಹೊಳಪು ಮುಗಿದು ಕತ್ತಲಿನ ತಣ್ಣನೆಯ ಮೋಡ ಮೊದಲಾಗುತ್ತದೆ. ಡೆನ್ಮಾರ್ಕಿನ ಬೆಂಗ್ಟ್ ಸ್ಟ್ರೋಮ್‌ಗ್ರೆನ್ 1939ರಲ್ಲಿ ಈ ಲೆಕ್ಕವನ್ನು ಮಂಡಿಸಿ, ಆ ಎಲ್ಲೆ ಆಶ್ಚರ್ಯಕರವಾಗಿ ತೀಕ್ಷ್ಣವಾಗಿರುತ್ತದೆ ಎಂದು ತೋರಿಸಿದ.

ಮಹಾವ್ಯಾಧ ನೀಹಾರಿಕೆ ಪೂರ್ಣ ಗೋಳವಲ್ಲ. ಅದರ ಹಿಂದೆ ನಮಗೆ ಕಾಣದ ಬೃಹತ್ತಾದ ತಣ್ಣನೆಯ ಮೋಡವಿದೆ. ಅದರ ನಮ್ಮ ಕಡೆಯ ಮೈಯಲ್ಲಿ ಟ್ರಪೀಜಿಯಂ ನಕ್ಷತ್ರಗಳು ಕೊರೆದ ಬಟ್ಟಲಿನಂಥ ಕುಳಿಯೇ ನಾವು ಕಾಣುವ ನೀಹಾರಿಕೆ. ಬೆಳಕಿನ ಜೊತೆಗೆ ಆ ನಕ್ಷತ್ರದಿಂದ ಕಣಗಳ ಬಿರುಗಾಳಿಯೂ ಬೀಸುತ್ತಿದೆ. ವಿಮಾನದ ಮೇಲೆ ಅಳವಡಿಸಿದ್ದ ಸೋಫಿಯಾ ದೂರದರ್ಶಕದ ಮಾಪನಗಳ ಪ್ರಕಾರ, ಈ ಗಾಳಿ ಊದಿದ ಗುಳ್ಳೆಯ ಚಿಪ್ಪು ಸೆಕೆಂಡಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ ಎಂದು 2019ರಲ್ಲಿ ವರದಿಯಾಯಿತು.

ಉದಕಮಂಡಲದಲ್ಲಿ ಕೇಳಿದ ಸುಳಿವು

ಆಕಾಶಗಂಗೆಯ ಬಹಳಷ್ಟು ನೀಹಾರಿಕೆಗಳು ದಟ್ಟ ಧೂಳಿನ ಹಿಂದೆ ಅಡಗಿವೆ. ಕಾಣುವ ಬೆಳಕು ಆ ಧೂಳನ್ನು ದಾಟಿ ಬರಲಾರದು, ರೇಡಿಯೋ ಅಲೆ ದಾಟಿ ಬರುತ್ತದೆ. ಪ್ರೋಟಾನಿಗೆ ಮರಳಿ ಸಿಕ್ಕ ಎಲೆಕ್ಟ್ರಾನ್ ತೀರ ಎತ್ತರದ ಮೆಟ್ಟಿಲುಗಳಿಂದ, ಉದಾಹರಣೆಗೆ 273ರಿಂದ 272ಕ್ಕೆ, ಇಳಿದಾಗ ಹೊರಡುವುದು ಇಂಥದೇ ರೇಡಿಯೋ ಅಲೆ; ಅದರ ಆವರ್ತಾಂಕ 325 ಮೆಗಾಹರ್ಟ್ಸ್. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೆ.ಆರ್. ಅನಂತರಾಮಯ್ಯ ಅವರು 1980ರ ದಶಕದಲ್ಲಿ ಉದಕಮಂಡಲದ ರೇಡಿಯೋ ದೂರದರ್ಶಕದಿಂದ ಈ ಗೆರೆಯನ್ನೇ ಬೆನ್ನಟ್ಟಿದರು. ಹೊಳೆಯುವ ನೀಹಾರಿಕೆಗಳ ಆಚೆಗೂ ತೀರ ವಿರಳವಾದ ಅಯಾನೀಕೃತ ಅನಿಲದ ವಿಶಾಲ ಹೊದಿಕೆಗಳಿವೆ ಎಂಬ ವಿವರಣೆ ಅವರ ಕೆಲಸದಿಂದ ಮೂಡಿತು. ಅಂದರೆ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ನಾವು ಕಾಣುವ ಎಲ್ಲೆಗಳನ್ನು ಸೋರಿ ದಾಟಿ ಬಹುದೂರ ಸಾಗುತ್ತದೆ. 2001ರಲ್ಲಿ ಅನಂತರಾಮಯ್ಯ ನಿಧನರಾದರು.

ಬೆಳಗಿಸುವ ಬೆಳಕೇ ಸುಡುವ ಬೆಳಕು

1990ರ ದಶಕದಲ್ಲಿ ಹಬಲ್ ದೂರದರ್ಶಕ ಮಹಾವ್ಯಾಧ ನೀಹಾರಿಕೆಯ ಒಡಲನ್ನು ತೆರೆದು ತೋರಿದಾಗ ಬೆರಗಿನ ಜೊತೆಗೆ ಒಂದು ಆತಂಕದ ಪ್ರಶ್ನೆಯೂ ಎದುರಾಯಿತು. ಎಳೆಯ ನಕ್ಷತ್ರಗಳ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಗಳು ಕಂಡವು. ಅವು ಗ್ರಹಗಳು ರೂಪುಗೊಳ್ಳುವ ತೊಟ್ಟಿಲುಗಳು. ಇಂಥ ನೂರೈವತ್ತಕ್ಕೂ ಹೆಚ್ಚು ತಟ್ಟೆಗಳನ್ನು ಅಲ್ಲಿ ಗುರುತಿಸಲಾಗಿದೆ. ಆದರೆ ಟ್ರಪೀಜಿಯಂಗೆ ಹತ್ತಿರವಿದ್ದ ತಟ್ಟೆಗಳಿಗೆ ಬಾಲವಿತ್ತು. ಪ್ರಬಲ ನಕ್ಷತ್ರದ ಎದುರಿನ ಮೈ ಹೊಳೆಯುತ್ತಿತ್ತು, ವಿರುದ್ಧ ದಿಕ್ಕಿಗೆ ಅನಿಲ ಹೊಗೆಯಂತೆ ಎಳೆದುಕೊಂಡು ಹೋಗುತ್ತಿತ್ತು. ಥೀಟಾ-1 ಸಿ ಅವುಗಳನ್ನು ಆವಿಯಾಗಿಸುತ್ತಿತ್ತು.

ಅಳತೆಗಳ ಪ್ರಕಾರ ಇಂಥ ಒಂದು ತಟ್ಟೆ ವರ್ಷಕ್ಕೆ ಸೂರ್ಯರಾಶಿಯ ಸುಮಾರು ಕೋಟಿಯಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತಿದೆ. ಅಲ್ಪವೆನಿಸಬಹುದು. ಆದರೆ ಒಂದು ಗ್ರಹಮಂಡಲವನ್ನು ಕಟ್ಟಲು ಬೇಕಾದ ಸಾಮಗ್ರಿ ಸೂರ್ಯರಾಶಿಯ ನೂರರಲ್ಲೊಂದು ಪಾಲು ಎಂದಿಟ್ಟುಕೊಂಡರೆ, ಅದು ಒಂದು ಲಕ್ಷ ವರ್ಷದಲ್ಲಿ ಮುಗಿದುಹೋಗುತ್ತದೆ. ಗುರುವಿನಂಥ ಬೃಹದ್ಗ್ರಹ ರೂಪುಗೊಳ್ಳಲು ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕೆಂಬುದು ಪ್ರಚಲಿತ ತಿಳಿವಳಿಕೆ. ಹಾಗಿದ್ದರೆ ಅಲ್ಲಿನ ಶಿಶುಗಳು ಗ್ರಹಗಳಾಗುವ ಮುನ್ನವೇ ಕರಗಿಹೋಗುವುವೇ?

ಜೇಮ್ಸ್ ವೆಬ್ ದೂರದರ್ಶಕ ಈ ಪ್ರಶ್ನೆಗೆ ಎರಡು ಮುಖಗಳ ಉತ್ತರವನ್ನು ಕೊಡುತ್ತಿದೆ. ನೀಹಾರಿಕೆಯ ಅಂಚಿನಲ್ಲಿರುವ ಒಂದು ಪುಟ್ಟ ತಟ್ಟೆಯಲ್ಲಿ ಮೀಥೈಲ್ ಧನ ಅಯಾನು ಇರುವುದು 2023ರಲ್ಲಿ ವರದಿಯಾಯಿತು. ಇಂಗಾಲದ ಸಂಕೀರ್ಣ ಅಣುಗಳು ಹುಟ್ಟುವ ರಾಸಾಯನಿಕ ಕ್ರಿಯೆಗಳಿಗೆ ಇದು ಹೆಬ್ಬಾಗಿಲು. ಅದು ರೂಪುಗೊಳ್ಳಲು ಬೇಕಾದ ಶಕ್ತಿ ಬಂದದ್ದು ನೆರೆಯ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕಿನಿಂದ. ಮರುವರ್ಷವೇ, ಅದೇ ತಟ್ಟೆಯ ಅನಿಲ ಹತ್ತು ಲಕ್ಷ ವರ್ಷಗಳಿಗಿಂತ ಕಡಿಮೆ ಅವಧಿಯಲ್ಲಿ ಬರಿದಾಗಬಲ್ಲದು, ಬೃಹದ್ಗ್ರಹಗಳ ರಚನೆಗೆ ಇದು ಅಡ್ಡಿಯಾಗಬಲ್ಲದು ಎಂಬ ಅಧ್ಯಯನ ಪ್ರಕಟವಾಯಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ದಾತನಂತಿದೆ ಆ ಬೆಳಕು.

ಇದು ಯಾವುದೋ ದೂರದ ಲೋಕದ ಸಂಗತಿ ಎಂದು ಬದಿಗಿಡುವಂತಿಲ್ಲ. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಲೆಂದೆ ಉಲ್ಕಾಶಿಲೆಯ ಬಿಳಿ ಹರಳುಗಳಲ್ಲಿ, ಸೌರಮಂಡಲ ಹುಟ್ಟುವಾಗ ವಿಕಿರಣಶೀಲ ಅಲ್ಯೂಮಿನಿಯಂ-26 ಇತ್ತೆಂಬ ಕುರುಹು ದೊರೆತಿದೆ. ಅದರ ಅರ್ಧಾಯು ಸುಮಾರು ಏಳು ಲಕ್ಷ ವರ್ಷ ಮಾತ್ರ. ಆದ್ದರಿಂದ ಅದು ಸೂರ್ಯನ ಜನನಕ್ಕೆ ಸ್ವಲ್ಪವೇ ಮುನ್ನ ತಯಾರಾಗಿರಬೇಕು. ಸಮೀಪದ ದೈತ್ಯ ನಕ್ಷತ್ರವೊಂದರಿಂದ ಅದು ಬಂದಿರಬೇಕೆಂಬುದು ಬಹುಮಾನ್ಯವಾದ ವಿವರಣೆ. ಹಾಗಿದ್ದಲ್ಲಿ 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯನೂ ಇಂಥದೇ ಹೊಳೆಯುವ ಮೋಡದ ಆಸುಪಾಸಿನಲ್ಲಿ ಹುಟ್ಟಿ, ಇಂಥದೇ ಬೆಳಕಿನ ಹೊಡೆತವನ್ನು ಸಹಿಸಿ, ತನ್ನ ತಟ್ಟೆಯನ್ನು ಉಳಿಸಿಕೊಂಡಿರಬೇಕು. ನಾವು ಇಲ್ಲಿದ್ದೇವೆ ಎಂಬುದೇ ಅದಕ್ಕೆ ಸಾಕ್ಷಿ. ಎಷ್ಟು ಸಹೋದರ ನಕ್ಷತ್ರಗಳು ಆ ಅದೃಷ್ಟವನ್ನು ಪಡೆದವು ಎಂಬುದೇ ಮಹಾವ್ಯಾಧ ನೀಹಾರಿಕೆಯ ಮುಂದೆ ಇಂದಿನ ವಿಜ್ಞಾನಿಗಳು ಇಟ್ಟಿರುವ ಪ್ರಶ್ನೆ.

ಮೃಗಶಿರೆಯ ಮುನ್ಸೂಚನೆ

ಥೀಟಾ-1 ಸಿಯಂಥ ನಕ್ಷತ್ರಗಳು ತೀರ ವಿರಳ. ಹತ್ತು ಲಕ್ಷ ನಕ್ಷತ್ರಗಳನ್ನು ಎಣಿಸಿದರೂ ಇಂಥ ಒಂದು ಸಿಗುವುದು ಅಪರೂಪ. ದುಂದುಗಾರನ ಸಂಪತ್ತಿನಂತೆ ಅವುಗಳ ಇಂಧನ ಬೇಗ ಬರಿದಾಗುತ್ತದೆ. ಸೂರ್ಯನ ಒಟ್ಟು ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷವಾದರೆ, ಇವುಗಳದು ಕೆಲವೇ ದಶಲಕ್ಷ ವರ್ಷ. ಕೊನೆಗೆ ಸೂಪರ್‌ನೋವಾ ಆಗಿ ಸಿಡಿಯುವುದು ಬಹುತೇಕ ಖಚಿತ.

ಮುಂದೇನಾಗುತ್ತದೆ ಎಂಬುದನ್ನು ತಿಳಿಯಲು ಅದೇ ಮಹಾವ್ಯಾಧನ ತಲೆಯ ಕಡೆ ಕಣ್ಣು ಹಾಯಿಸಿದರೆ ಸಾಕು. ನಮ್ಮ ಪಂಚಾಂಗದ ಮೃಗಶಿರಾ ನಕ್ಷತ್ರ ಇರುವುದು ಅಲ್ಲೇ. ಜೂನ್ ತಿಂಗಳ ಮೃಗಶಿರಾ ಮಳೆಯನ್ನು ನೆಚ್ಚಿ ಬಿತ್ತನೆಗೆ ಇಳಿಯುವ ನಮ್ಮ ರೈತನಿಗೆ ಆ ಹೆಸರು ಚಿರಪರಿಚಿತ. ಅದೂ ಸುಮಾರು 35,000 ಕೆಲ್ವಿನ್ ತಾಪದ ದೈತ್ಯ ನಕ್ಷತ್ರ. ಅದರ ಸುತ್ತ ಸುಮಾರು 150 ಜ್ಯೋತಿರ್ವರ್ಷ ಅಗಲದ, ಕಣ್ಣಿಗೆ ಕಾಣದಷ್ಟು ಮಂದವಾದ ನೀಹಾರಿಕೆ ಬಳೆಯಂತೆ ಹರಡಿದೆ. ಅಲ್ಲಿದ್ದ ಇನ್ನೊಂದು ದೈತ್ಯ ನಕ್ಷತ್ರ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಸಿಡಿದು, ನಡುವಿನ ಮೋಡವನ್ನು ಗುಡಿಸಿ ಅಂಚಿಗೆ ಒತ್ತಿತೆಂದು ಖಗೋಳವಿದರು ವಿವರಿಸುತ್ತಾರೆ. ಕತ್ತಿಯ ನಡುವೆ ಇಂದು ನಡೆಯುತ್ತಿರುವುದು ಆರಂಭದ ಅಧ್ಯಾಯ. ತಲೆಯ ಬಳಿ ನಡೆದಿರುವುದು ಮುಂದಿನ ಅಧ್ಯಾಯ.

ಮುಂದಿನ ಮೋಡವಿಲ್ಲದ ಚಳಿಗಾಲದ ರಾತ್ರಿ ತಾರಸಿಯ ದೀಪವನ್ನು ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹದಿನೈದು ನಿಮಿಷ ಕೊಟ್ಟು, ಆ ಮಸುಕು ಚುಕ್ಕೆಯನ್ನು ಮತ್ತೊಮ್ಮೆ ನೋಡಿ. ಮಕ್ಕಳನ್ನೂ ಕರೆದು ತೋರಿಸಿ. ಕಾಣುವುದು ಬೂದು ಬಣ್ಣದ ಒಂದು ಮಬ್ಬು ಮಾತ್ರ. ಆದರೆ ಅದರೊಳಗೆ ಹೊಸ ಸೂರ್ಯರು ಇದ್ದಾರೆ. ಅವರ ಗ್ರಹಗಳು ಉಳಿಯುವುವೋ ಅಳಿಯುವುವೋ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.